ಮಣ್ಣಿನ ಬಾಯಿ

ಹಾಂ, ಹಾಗೇ ಇರು. ಮಾತಾಡ್ಬೇಡ. ಮಣ್ಣಲ್ಲಿ ನಿನ್ನ ತುಟಿ ಹತ್ರ ಬಂದಿದೀನಿ, ಈಗ ನೀನು ಬಾಯಿ ಬಿಟ್ರೆ ಬೆಳಗಿಂದ ಮಾಡಿದ್ದೆಲ್ಲ ಹಾಳು... ಯಾಕೆ ನಗ್ತೀಯ? ನಗಬೇಡ ಕಣೋ ಫಿಂಟನ್. ನಕ್ರೆ ಕೆನ್ನೆ ಮೇಲೆ ಹೋಗುತ್ತೆ, ಬಾಯಿ ಇಷ್ಟಗಲ ಆಗುತ್ತೆ. ಕಿನ್ವಾರಾ ಲೈಬ್ರರಿಯವರು ನನ್ನ ಹತ್ರ ಊರಿನ ಕವಿಯ ತಲೆ ಮಾಡ್ಕೊಡಿ ಅಂತ ಕೇಳಿದಾರೆ, ಕಪ್ಪೆ ತಲೆ ಅಲ್ಲ.

ಕೋಟು ತೆಗೀಬೇಡ, ಇರಲಿ. ಈ ಶೆಡ್ಡಲ್ಲಿ ಒಲೆ ಎಷ್ಟು ಉರಿದ್ರೂ ಬೆನ್ನಿಗೆ ಚಳಿ ತಪ್ಪಲ್ಲ. ಆದ್ರೂ ಮಾರಾಯ, ಆ ಕೋಟಲ್ಲೇ ಡಬ್ಲಿನ್‌ಗೆ ಹೋಗಿದ್ಯಾ ನೀನು? ತೋಳಿನ ತುದೀಲಿ ಗುಂಡಿ ಇಲ್ಲ, ದಾರ ನೇತಾಡ್ತಿದೆ. ದೇಶದಲ್ಲಿರೋ ಕವಿಗಳು, ಚಿತ್ರಕಾರರು, ಸಂಗೀತದೋರು ಎಲ್ಲಾ ಸೇರೋ ಅಕಾಡೆಮಿ ಸಭೆ. ಒಂದು ಗುಂಡಿ ಹೊಲಿಸ್ಕೊಳ್ಳೋಕೆ ಯಾರೂ ಸಿಗಲಿಲ್ವಾ? ನನಗಾದ್ರೂ ಕೊಟ್ಟಿದ್ರೆ... ಏನಾಯ್ತು ಈಗ? ತೋಳು ಯಾಕೆ ಮುಚ್ಕೋತೀಯ? ನಾನು ಮಾಡ್ತಿರೋದು ಬರೀ ತಲೆ. ನಿನ್ನ ತೋಳು ಯಾರಿಗೆ ಬೇಕು?

ಗದ್ದ ಸ್ವಲ್ಪ ಮೇಲೆ. ಹಾಂ.

ನಿನ್ನೆ ಬಾಗಿಲಲ್ಲಿ ನಿಂತು "ಆಗ್ಲಿಲ್ಲ ಬ್ರೋನಾ" ಅಂದ್ಯಲ್ಲ. ಅಷ್ಟೇ. ಮೂರನೇ ಮಾತಿಲ್ಲ. ನಾನೂ ಏನೂ ಕೇಳಲಿಲ್ಲ. ಆಗದಿದ್ರೆ ಬಿಡು, ಒಳಗೆ ಬಾ, ಬ್ರೆಡ್ಡು ಈಗ ತಾನೇ ಒಲೆಯಿಂದ ತೆಗ್ದಿದೀನಿ ಅಂದೆ. ಬ್ರೋನಾ ಎಷ್ಟು ದೊಡ್ಡ ಮನಸ್ಸಿನೋಳು ಅಂದ್ಕೊಂಡಿರ್ಬೇಕು ನೀನು. ಎರಡು ತುಂಡು ಜಾಸ್ತಿನೇ ತಿಂದೆ.

ಆಮೇಲೆ ಹೊರಡುವಾಗ ನೀನು, ಮುಂದಿನ ವರ್ಷ ಇದೆಯಲ್ಲ ಅಂದೆ. ಮುಂದಿನ ವರ್ಷ! ಯಾರಾದ್ರೂ ಸಾಯ್ಬೇಕಲ್ವಾ ಅದಕ್ಕೆ? ಒಳಗಿರೋ ಒಬ್ರು ಸತ್ರೆ ತಾನೇ ಹೊರಗಿರೋರಿಗೆ ಒಂದು ಕುರ್ಚಿ. ಬೆಳಿಗ್ಗೆ ಪೇಪರ್ ಬಿಡಿಸಿದ್ರೆ ನಮ್ಮೂರಲ್ಲಿ ಎಲ್ಲರೂ ಮೊದಲು ಸಾವಿನ ಸುದ್ದಿನೇ ನೋಡ್ತಾರೆ, ಗೊತ್ತು. ಆದ್ರೆ ಅವರು ನೋಡೋದು ಯಾರ ಮನೆಗೆ ಹೋಗಿ ಕೈ ಕುಲುಕಿ ಬರ್ಬೇಕು ಅಂತ. ನಾನು ನೋಡ್ಬೇಕಾಗಿರೋದು ಯಾವ ಕುರ್ಚಿ ಖಾಲಿ ಆಯ್ತು ಅಂತ. ಥೂ. ನನ್ನ ಗಂಡ ಡೆಕ್ಲನ್ ಸತ್ತಾಗ ಖಾಲಿಯಾದ ಕುರ್ಚೀಲಿ ಯಾರು ಕೂತಿದಾನೆ ಹೇಳು? ನೆಲದ ಮೇಲೆ ಹಳೇ ಮೀನುಬಲೆ ಹರಡಿ, ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕೆಮ್ಮೋ ಸದ್ದು ಹಾಕ್ತಾನಲ್ಲ, ಅವನು. ಅವನದು ಸ್ವಂತ ಕೆಲಸವಂತೆ. ಇರಲಿ, ಅವನ ಮೇಲೆ ನನಗೇನೂ ಕೋಪ ಇಲ್ಲ. ಆ ಕೆಮ್ಮು ಚೆನ್ನಾಗೇ ಇತ್ತು.

ನಾಯಿನ ಒದೀಬೇಡ, ಪಾಪ. ಅದಕ್ಕೆ ನಿನ್ನ ಬೂಟೇ ದಿಂಬು.

ನಾನಾಗಿ ಅರ್ಜಿ ಹಾಕೋ ಹಾಗಿದ್ರೆ ಹಾಕ್ತಿದ್ದೆ ಕಣೋ, ನಿನ್ನ ಕಾಲಿಗೆ ಬೀಳ್ತಿರಲಿಲ್ಲ. ಆದ್ರೆ ನಿಮ್ಮ ಪದ್ಧತಿ ಹಾಗಲ್ವಲ್ಲ. ಒಳಗಿರೋರು ಇಬ್ಬರು ಎದ್ದು ನಿಂತು, ಇವಳ ಕೆಲಸ ನಾವು ಬಲ್ಲೆವು, ಇವಳನ್ನ ಸೇರಿಸ್ಕೊಳ್ಳಿ ಅಂತ ಹೇಳ್ಬೇಕು. ತಾನಾಗಿ ಕೇಳಬಾರದು. ಕೇಳದೆ ಇರೋನೂ ಯಾರೂ ಇಲ್ಲ. ಎಲ್ಲರೂ ಯಾರದೋ ಅಡುಗೆಮನೇಲಿ ಕೂತು, ಚಹಾ ಕುಡೀತಾ ಕುಡೀತಾ, ಹವಾಮಾನದ ಮಾತಿನ ಮಧ್ಯೆ ನಾಜೂಕಾಗಿ ಕೇಳಿರ್ತಾರೆ. ನನಗೆ ನಾಜೂಕು ಬರಲ್ಲ. ಫಿಂಟನ್, ನನ್ನ ಹೆಸರು ಹೇಳ್ತೀಯಾ ಅಂತ ನೇರವಾಗಿ ಕೇಳ್ದೆ. ನೀನು ಕಪ್ ಕೆಳಗಿಟ್ಟು, ಹೇಳ್ತೀನಿ, ಹತ್ತು ವರ್ಷ ಮುಂಚೇನೇ ಹೇಳ್ಬೇಕಾಗಿತ್ತು ಅಂದೆ. ಅವತ್ತು ನಿನ್ನ ಕಣ್ಣಲ್ಲಿ ನೀರಿತ್ತು. ನಾನು ನೋಡಿದೀನಿ, ಇಲ್ಲ ಅನ್ನಬೇಡ.

ತಲೆ ಅಲ್ಲಾಡಿಸ್ಬೇಡ ಅಂದ್ನಲ್ಲ.

ಹಣಕ್ಕೋಸ್ಕರ ಅಲ್ಲ ನಾನು ಕೇಳಿದ್ದು. ಅಂದ್ರೆ... ಸುಳ್ಳು ಯಾಕೆ ಹೇಳ್ಲಿ, ಹಣವೂ ಬೇಕಿತ್ತು. ಡೆಕ್ಲನ್ ಇರೋವರೆಗೂ ಅಕಾಡೆಮಿ ಕೊಡೋ ಸಂಭಾವನೇಲೇ ಒಲೆ ಉರೀತಿತ್ತು, ಕಂಚು ಎರಕ ಹೊಯ್ಯೋರಿಗೆ ಕೊಡೋಕಾಗ್ತಿತ್ತು. ಅವನ ಜೊತೇಲಿ ಅದೂ ಹೋಯ್ತು. ಈ ಶೆಡ್ಡು ಮೊದಲು ಕುರಿಕೊಟ್ಟಿಗೆ ಆಗಿತ್ತು, ಮತ್ತೆ ಕುರಿಕೊಟ್ಟಿಗೆ ಆಗುತ್ತೆ, ಅಷ್ಟೇ. ಆದ್ರೆ ಒಂದೇ ಒಂದು ಸಲ ಆ ಹಾಲಲ್ಲಿ ನನ್ನ ಹೆಸರು ಕೂಗ್ಬೇಕಿತ್ತು ಫಿಂಟನ್. ಡೆಕ್ಲನ್ ಹೆಂಡ್ತಿ ಅಂತ ಅಲ್ಲ. ಬ್ರೋನಾ, ಶಿಲ್ಪಿ, ಅಂತ. ಈ ವಯಸ್ಸಲ್ಲಿ ಇದೆಂಥ ಆಸೆ ಅಂತ ನನಗೇ ನಾಚಿಕೆ ಆಗುತ್ತೆ. ಏನ್ ಮಾಡ್ಲಿ, ಆಸೆ ಇತ್ತು.

ಊನಾ ಫೋನ್ ಮಾಡಿದ್ಲು.

ಕಣ್ಣು ಮಿಟುಕಿಸ್ದೆ ನೋಡು. ಹೌದು, ಮಾಡಿದ್ಲು, ಸಭೇಲಿ ನಿನ್ನ ಜೊತೆ ನನ್ನ ಹೆಸರಿಗೆ ಎದ್ದು ನಿಂತೋಳಲ್ವಾ. ನಿನ್ನ ಬಸ್ಸು ಇನ್ನೂ ಗಾಲ್ವೇ ದಾಟಿರಲಿಲ್ಲ, ಆಗ್ಲೇ ಮಾಡಿದ್ಲು. ಅಂದ್ರೆ ನಿನ್ನೆ ನೀನು ಬಾಗಿಲಲ್ಲಿ ನಿಂತಾಗ ನನಗೆಲ್ಲಾ ಗೊತ್ತಿತ್ತು. ಗೊತ್ತಿದ್ದೇ ನಿನಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟೆ. ನೀನಾಗಿ ಹೇಳ್ತೀಯ ಅಂತ ಕಾದೆ. ಇವತ್ತು ಬೆಳಿಗ್ಗೆಯಿಂದ ಕಾದೆ. ಕೂರು, ಕೂರು, ಎಲ್ಲಿಗೆ ಏಳ್ತೀಯ? ಮಣ್ಣು ಒದ್ದೆ ಇದೆ, ಕೆಲಸ ಅರ್ಧಕ್ಕೆ ಬಿಡೋಕಾಗಲ್ಲ. ನಿನಗೆ ಮಾತಾಡೋ ಕಷ್ಟಾನೂ ಇಲ್ಲ. ಕೇಳಿಸ್ಕೊಂಡ್ರೆ ಸಾಕು.

ನೀವಿಬ್ಬರೂ ನನ್ನ ಹೆಸರು ಹೇಳಿ ಕೂತ ಮೇಲೆ, ಸಭೇಲಿ ಮಲಾಕಿ ಎದ್ದನಂತೆ ಮೊದಲು. ಕುತ್ತಿಗೆಗೆ ಸ್ಕಾರ್ಫು ಸುತ್ಕೊಂಡು, ಕನ್ನಡಕ ಹಣೆ ಮೇಲೆ ಏರಿಸ್ಕೊಂಡು. ಸಕ್ಕರೆಯಂಥ ಮಾತು ಅವನದು. ಬ್ರೋನಾ ಬಹಳ ಒಳ್ಳೆ ಹೆಂಗಸು, ನಾವೆಲ್ಲ ಅವಳ ಕೈಯಡುಗೆ ಉಂಡೋರೇ ಅಂದನಂತೆ. ನೋಡಿದ್ಯಾ, ಶುರು ಆಗಿದ್ದೇ ಅಡುಗೆಯಿಂದ. ಆಮೇಲೆ, ಅವಳ ಕೈ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ; ಆದ್ರೆ ಕೈ ಮಾತ್ರ ಅವಳದು, ಕಣ್ಣು ಡೆಕ್ಲನ್‌ದು. ಅವಳು ಮಾಡೋ ಒಂದೊಂದು ಹೆಂಗಸೂ ಡೆಕ್ಲನ್ ಹಡಗುಕಟ್ಟೆ ಮೇಲೆ ನಿಲ್ಲಿಸಿದ ಕಟ್ಟೆ ಹೆಂಗಸರಿಗೆ ತಂಗಿ ಇದ್ದ ಹಾಗಿದಾಳೆ. ಇಲ್ಲಿ ಸ್ವಂತ ಕೆಲಸ ಇರೋರಿಗೆ ಮಾತ್ರ ಜಾಗ.

ಅಷ್ಟಕ್ಕೇ ಬಿಡಲಿಲ್ಲ ಅವನು. ನಿನ್ನ ಕಡೆ ತಿರುಗಿದನಂತೆ. ಊನಾ ಪದ ಪದ ಹೇಳಿದ್ಲು. "ಫಿಂಟನ್, ನೀನು ದಿನಾ ಆ ಶೆಡ್ಡಲ್ಲಿ ಕೂರೋನು. ಇಬ್ಬರೂ ಕೆಲಸ ಮಾಡೋದನ್ನ ಕಂಡೋನು. ನಾನಂದಿದ್ದು ತಪ್ಪು ಅಂತಾದ್ರೆ ಹೇಳು, ಈಗ್ಲೇ ವಾಪಸ್ ತಗೋತೀನಿ."

ಇಡೀ ಹಾಲು ಕಾದಿತ್ತಂತೆ. ನೀನು ಎದ್ದೆ. ಮುಂದಿನ ಕುರ್ಚಿ ಬೆನ್ನು ಹಿಡ್ಕೊಂಡೆ. ಬಾಯಿ ತೆಗೆದೆ. ಊನಾಗೆ ನೀನು ಹೇಳೇಬಿಡ್ತೀಯ ಅನ್ನಿಸ್ತಂತೆ. ಬಾಯಿ ಮುಚ್ಚಿದೆ. ಕೂತೆ.

ಕೂತುಬಿಟ್ಯಲ್ಲೋ.

ನಾಲಿಗೆ ಬಿದ್ದುಹೋಗಿತ್ತಾ? ಹೋಗ್ಲಿ, ತಪ್ಪು ಅಂತ ಒಂದು ಪದ, ಅಷ್ಟು ಸಾಕಿತ್ತು. ಯಾಕೆ ತಪ್ಪು ಅಂತ ಕೂಡ ಹೇಳ್ಬೇಕಿರಲಿಲ್ಲ. ನನ್ನ ಹೆಸರು ಹೇಳಿದೋನೇ ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ, ಆಮೇಲೆ ಮತದ ಚೀಟಿ ಹಾಕೋರು ಏನ್ ಬರೀತಾರೆ? ಮಲಾಕಿ ನನಗೆ ಕೇಡು ಮಾಡಲಿಲ್ಲ. ಅವನಿಗೇನು ಗೊತ್ತು, ಅವನು ಕಂಡಿದ್ದು ಹೇಳ್ದ. ನಿನಗೆ ಗೊತ್ತಿತ್ತು. ಗೊತ್ತಿದ್ದೋನು ಕೈಕೊಟ್ಟೆ.

ತಿರುಗ್ಬೇಡ, ಇಲ್ಲಿ ನೋಡು... ಅಥವಾ ತಿರುಗು. ತಿರುಗಿ ನೋಡು ಅವಳನ್ನ. ನಿನ್ನ ಬೆನ್ನ ಹಿಂದೆ ಪ್ಲಾಸ್ಟರಲ್ಲಿ ನಿಂತಿದಾಳಲ್ಲ, ಶಾಲು ಹೊದ್ಕೊಂಡು, ಕೈ ಹಣೆಗೆ ಅಡ್ಡ ಹಿಡಿದು. ಕಟ್ಟೆ ಹೆಂಗಸರಲ್ಲಿ ಮೊದಲನೆಯೋಳು. ಹಡಗುಕಟ್ಟೆ ಮೇಲೆ ಅವಳ ಜೊತೆಯೋರು ಕಂಚಲ್ಲಿ ನಿಂತಿದಾರೆ, ಬಸ್ಸಲ್ಲಿ ಬರೋ ಜನ ಅವರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸ್ಕೋತಾರೆ. ಡೆಕ್ಲನ್‌ಗೆ ಆ ಚಿನ್ನದ ಕಂಠಿ ಬಂದಿದ್ದು ಇವರಿಂದ ತಾನೇ? ಅಕಾಡೆಮಿಯೋರು ಒಬ್ಬ ಕಲಾವಿದನಿಗೆ ಕೊಡೋ ಮರ್ಯಾದೇಲಿ ಅದಕ್ಕಿಂತ ಮೇಲಿಂದು ಇಲ್ಲ. ಕಟ್ಟೆ ಹೆಂಗಸರ ಶಿಲ್ಪಿ. ಪೇಪರಲ್ಲೆಲ್ಲ ಹಾಗೇ ಬರೆದ್ರು. ಅವನ ಸಮಾಧಿ ಕಲ್ಲಿನ ಮೇಲೂ ಹಾಗೇ ಇದೆ.

ಯಾರು ಮಾಡಿದ್ದು ಅವಳನ್ನ?

ನಾನು ಹೇಳಿರಲಿಲ್ಲ ನಿನಗೆ. ನೀನೇ ಕಂಡುಹಿಡಿದೆ. ಮರೆತ್ಯಾ? ಬೇಸಿಗೇಲಿ ಒಂದಿನ ಕಟ್ಟೆ ಮೇಲೆ ನಿಂತು ಅವಳ ಶಾಲಿನ ಮೇಲೆ ಹೆಬ್ಬೆರಳು ಆಡಿಸ್ತಿದ್ಯಂತೆ. ಮಣ್ಣಲ್ಲಿ ಒತ್ತಿದ್ದು ಕಂಚಲ್ಲಿ ಹಾಗೇ ಉಳಿಯುತ್ತಲ್ಲ. ನಿನ್ನ ಹೆಬ್ಬೆರಳು ಒಂದೊಂದು ಗುರುತಲ್ಲೂ ಸರಾಗವಾಗಿ ಕೂತ್ಕೊಳ್ತು. ನೀನು ಬಲಗೈಯೋನು. ಡೆಕ್ಲನ್ ಎಡಚ. ಹುಟ್ಟಿದಾಗಿಂದ ಎಡಗೈಲೇ ಮಣ್ಣು ಒತ್ತಿದೋನು, ಎಡಗೈಲೇ ಕುಡಿದೋನು. ಅಲ್ಲಿಂದ ನೇರ ಇಲ್ಲಿಗೆ ಬಂದೆ. ನಾನು ಬಲಗೈಲಿ ಬ್ರೆಡ್ಡು ಕೊಯ್ತಾ ಇದ್ದೆ. ನನ್ನ ಕೈನೇ ನೋಡ್ತಾ ಕೂತೆ. ಯಾವಾಗಿಂದ, ಅಂತ ಕೇಳ್ದೆ. ಅವನ ಚಮಚದಿಂದ ಸೂಪು ಚೆಲ್ಲೋಕೆ ಶುರುವಾದಾಗಿಂದ ಅಂದೆ ನಾನು. ಅಷ್ಟೇ ನಮ್ಮ ಮಾತು. ನೀನು ಎದ್ದು ಬಂದು ನನ್ನ ಹಣೆಗೆ ಮುತ್ತಿಟ್ಟು ಹೋದೆ.

ಮೊದಮೊದಲು ಡೆಕ್ಲನ್, ಈಗ ನೀನು ಕೂತಿದೀಯಲ್ಲ ಆ ಕುರ್ಚೀಲೇ ಕೂತು ಹೇಳ್ತಿದ್ದ. ಭುಜ ಇಳಿಸು, ಕತ್ತು ಸ್ವಲ್ಪ ಗಾಳಿ ಕಡೆ ತಿರುಗಿಸು, ಅಂತ. ಆಮೇಲಾಮೇಲೆ ಅದೂ ನಿಂತುಹೋಯ್ತು. ನಿದ್ದೆ ಮಾಡ್ತಿದ್ದ. ಎದ್ದಾಗ ನೋಡಿ, ಚೆನ್ನಾಗಿ ಬಂದಿದೆ, ನಾನಂದ್ಕೊಂಡ ಹಾಗೇ ಬಂದಿದೆ ಅಂತಿದ್ದ. ಅವಳು ಬಂದಿದ್ದು ಅವನಂದ್ಕೊಂಡ ಹಾಗಲ್ಲ ಫಿಂಟನ್. ಅವಳು ನಮ್ಮಮ್ಮ. ಅಪ್ಪನ ದೋಣಿ ವಾಪಸ್ ಬರದ ದಿನ ಅಮ್ಮ ನಿಂತಿದ್ದ ರೀತಿ ಅದು. ಡೆಕ್ಲನ್ ನಮ್ಮಮ್ಮನ್ನ ನೋಡೇ ಇರಲಿಲ್ಲ.

ಈಗ ನಾನು ಏನ್ ಮಾಡಿದ್ರೂ ಡೆಕ್ಲನ್ ಥರ ಇದೆಯಂತೆ. ನನ್ನ ಕೈಕೆಲಸ ನನ್ನ ಕೈಕೆಲಸದ ನಕಲಂತೆ. ಇದನ್ನ ಕೇಳಿ ನಗ್ಬೇಕೋ ಅಳ್ಬೇಕೋ ಹೇಳು.

ಇಲ್ಲ, ಹೇಳು. ನಿಜವಾಗ್ಲೂ ಕೇಳ್ತಿದೀನಿ. ನೋಡು, ಕೈ ತೆಗೆದೆ. ಕೈ ತೊಳ್ಕೊಂಡೆ, ಮಣ್ಣಿಗೆ ಒದ್ದೆ ಬಟ್ಟೆ ಹೊದಿಸ್ದೆ. ತಲೆಯ ಕೆಲಸ ಈಗಿಲ್ಲ. ಕೆಮ್ಮು, ಮೂಗು ಒರೆಸ್ಕೋ, ಏನ್ ಬೇಕಾದ್ರೂ ಮಾಡು. ಆದ್ರೆ ಮಾತಾಡು. ಯಾಕೆ ಕೂತುಬಿಟ್ಟೆ?

...

ಒಲೆಗೆ ಹಾಕೋದಿದ್ರೆ ನಾನೇ ಹಾಕ್ತೀನಿ, ನೀನು ಉರಿಸೋ ಟರ್ಫ್ ಮಣ್ಣಿನ ಹೆಂಟೆ ಹುಡುಕ್ಕೊಂಡು ಏಳ್ಬೇಕಾಗಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡು.

ಹೆದರಿದ್ಯಾ? ಮಲಾಕಿಗೆ? ಅವನು ಯಾವ ಮಹಾ. ಇಲ್ಲಾಂದ್ರೆ... ಮುಂದಿನ ಕಂಠಿ ನಿನಗೇ ಅಂತ ಗುಸುಗುಸು ಇದೆಯಂತೆ. ಊನಾನೇ ಹೇಳಿದ್ಲು. ಅದಕ್ಕಾ? ಡೆಕ್ಲನ್ ಕೊರಳಲ್ಲಿದ್ದಿದ್ದು ಅವನದಲ್ಲ ಅಂತಾದ್ರೆ, ನಾಳೆ ನಿನ್ನ ಕೊರಳಿಗೆ ಬೀಳೋದೂ ಹಗುರ ಆಗುತ್ತೆ ಅಂತ ಲೆಕ್ಕ ಹಾಕಿದ್ಯಾ ಕುರ್ಚಿ ಹಿಡ್ಕೊಂಡು? ಹೆಂಗಸು ತಾನೇ, ಇನ್ನೊಂದು ವರ್ಷ ಕಾದ್ರೆ ಏನು, ಇಷ್ಟು ವರ್ಷ ಕಾದಿಲ್ವಾ, ಅನ್ನಿಸ್ತಾ?

ಮುಖ ಹಾಗೆ ಮಾಡ್ಬೇಡ. ನಾನಂದಿದ್ದು ತಪ್ಪಾದ್ರೆ ತಪ್ಪು ಅನ್ನು. ನನಗೂ ಮಲಾಕಿಗೆ ಕೊಟ್ಟ ಹಾಗೇ ಮೌನಾನೇ ಕೊಡ್ತೀಯಾ? ನಲವತ್ತು ವರ್ಷದ ಸ್ನೇಹ ಕಣೋ ನಮ್ಮದು. ಡೆಕ್ಲನ್‌ಗಿಂತ ಮುಂಚೆ ನೀನು ಪರಿಚಯ ನನಗೆ. ಬೈಯೋದಾದ್ರೂ ಬೈಯಿ. ಬ್ರೋನಾ, ನೀನು ಹೊಟ್ಟೆಕಿಚ್ಚಿನ ಮುದುಕಿ, ಸತ್ತ ಗಂಡನ ಮೇಲೆ ಹೊಟ್ಟೆಕಿಚ್ಚು ಪಡ್ತೀಯ ಅನ್ನು. ಏನಾದ್ರೂ ಅನ್ನು...

ಅದೇನು ಮತ್ತೆ ಮತ್ತೆ ಆ ತೋಳು ಹಿಡ್ಕೋತೀಯ? ಕೊಡಿಲ್ಲಿ. ಕೊಡು ಅಂದ್ರೆ. ಸೂಜಿ ಇದೆ, ಮಾತಾಡಲ್ಲ ಅಂತಾದ್ರೆ ಗುಂಡಿನಾದ್ರೂ ಹೊಲೀತೀನಿ, ನೋಡಿದ್ರೆ ಕಿರಿಕಿರಿ ಆಗುತ್ತೆ ನನಗೆ. ಕೈ ಚಾಚು.

ಇದು ಸವೆದು ಬಿದ್ದಿದ್ದಲ್ಲ. ಕಿತ್ತು ಬಂದಿದೆ. ಬಟ್ಟೆ ಸಮೇತ ಹರಿದಿದೆ, ಯಾರೋ ಜಗ್ಗಿ...

ಓ.

ಅವತ್ತಿಂದ ಹೊಲಿಸಲೇ ಇಲ್ವಾ ಇದನ್ನ?

ನಾನೇ ಜಗ್ಗಿದ್ದಲ್ವಾ. ಕೋಟುಗಳನ್ನ ತಗುಲಿ ಹಾಕೋ ಆ ಚಿಕ್ಕ ಕೋಣೇಲಿ. ಕಂಠಿ ಹಾಕಿದ ದಿನ. ಎಲ್ಲಾ ಒದ್ದೆ ಉಣ್ಣೆ ವಾಸನೆ. ಈ ಗುಂಡಿ ನನ್ನ ಅಂಗೈಲೇ ಉಳೀತು, ಮನೆಗೆ ಬಂದ ಮೇಲೆ ನೋಡ್ಕೊಂಡೆ.

ಡೆಕ್ಲನ್ ಮಾತಾಡಿದ್ದ. ಆ ಕಂಠಿ ಹಾಕ್ಕೊಂಡು, ನಡುಗೋ ಕೈನ ಜೇಬಲ್ಲಿ ಬಚ್ಚಿಟ್ಕೊಂಡು. ಗುರುಗಳಿಗೆ ನಮಸ್ಕಾರ ಅಂದ, ಎರಕದೋರಿಗೆ ನಮಸ್ಕಾರ ಅಂದ. ಕೊನೇಲಿ, "ನನ್ನ ಹೆಂಡ್ತಿ ಬ್ರೋನಾಗೂ ಕೃತಜ್ಞತೆ, ಇಷ್ಟು ವರ್ಷ ನನ್ನ ಚಹಾ ಆರದ ಹಾಗೆ ನೋಡ್ಕೊಂಡ್ಲು" ಅಂದ. ಎಲ್ಲಾ ನಕ್ರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ನೀನೊಬ್ಬ ನಗಲಿಲ್ಲ. ಎದ್ದು ನಿಂತೆ. ಮುಖ ಕೆಂಪಗಾಗಿತ್ತು, ಎಲ್ಲರೆದುರಿಗೂ ಹೇಳೋಕೆ ಹೊರಟಿದ್ದೆ. ನಾನು ತೋಳು ಹಿಡಿದು ದರದರ ಎಳ್ಕೊಂಡು ಹೋದೆ ಆ ಕೋಣೆಗೆ.

ಏನಂದೆ ನಾನು? ನೀನು ಹೇಳಲ್ಲ, ನಾನೇ ಹೇಳ್ಬೇಕು. ಅವನ ಕೊರಳಿಂದ ಅದನ್ನ ಕೀಳ್ಬೇಡ ಅಂದೆ. ಅವನು ಬದುಕಿರೋವಾಗಲೂ ಬೇಡ, ಸತ್ತ ಮೇಲೂ ಬೇಡ. ಯಾರು ಕೇಳಿದ್ರೂ ಬೇಡ. ಹೌದು ಅನ್ನೋದೂ ಬೇಡ, ಅಲ್ಲ ಅನ್ನೋದೂ ಬೇಡ, ಆ ವಿಷಯ ಬಂದ್ರೆ ಕೂತುಬಿಡು. ನಿಮ್ಮಮ್ಮನ ಮೇಲೆ ಆಣೆ ಹಾಕು ಅಂದೆ. "ನೀನೇ ಬಂದು ಕೇಳಿದ್ರೆ?" ಅಂದೆ ನೀನು. ನಾನು ಬಂದು ಮಂಡಿಯೂರಿ ಕೇಳಿದ್ರಂತೂ ಬೇಡವೇ ಬೇಡ ಅಂದೆ.

ಇವತ್ತು ಮಂಡಿಯೂರಿಲ್ಲ, ಅಷ್ಟೇ. ಇನ್ನೆಲ್ಲಾ ಆಯ್ತು.

ಬೆಳಿಗ್ಗೆಯಿಂದ ಬೈಸ್ಕೊಂಡು ಕೂತಿದೀಯಲ್ಲೋ. ಒಂದು ಮಾತಲ್ಲಿ ನನ್ನ ಬಾಯಿ ಮುಚ್ಚಿಸ್ಬಹುದಿತ್ತು. ನೀನೇ ತಾನೇ ಆಣೆ ಹಾಕ್ಸಿದ್ದು ಅಂದಿದ್ರೆ ಮುಗೀತಿತ್ತು. ಅದನ್ನೂ ಅನ್ನಲಿಲ್ಲ. ನನಗೆ ನೆನಪಿರಲಿಲ್ಲ ಅಂತ ಅಂದ್ಕೋಬೇಡ. ನೆನಪಿತ್ತು. ನೆನಪಿದ್ದೂ ಬೈದೆ. ನೀನು ಆಣೆ ಮುರೀತೀಯ ಅಂತ ನಂಬಿಕೊಂಡಿದ್ದೆ. ನಾನು ಬಾಯಿಬಿಟ್ಟು ಕೇಳದೆ ನೀನಾಗಿ ಮುರೀಬೇಕಿತ್ತು, ಆಮೇಲೆ ನಾನು ಅಯ್ಯೋ ಫಿಂಟನ್ ಹೀಗೆ ಮಾಡ್ಬಿಟ್ಟ ಅಂತ ಅಳ್ಬಹುದಿತ್ತು. ಡೆಕ್ಲನ್ ಮುಖಕ್ಕೆ ಮಸಿ ಬಳಿದೋಳು ನಾನಾಗ್ತಿರಲಿಲ್ಲ, ನನ್ನ ಹೆಸರೂ ಕೂಗ್ತಿದ್ರು.

ಕೈಕೊಟ್ಟೋನು ಅವನು ಕಣೋ. ಚಹಾ ಅಂದ. ಮನೇಲಾದ್ರೂ, ನಾವಿಬ್ಬರೇ ಇದ್ದಾಗಲಾದ್ರೂ, ಇವಳನ್ನ ಮಾಡಿದ್ದು ನೀನು ಬ್ರೋನಾ ಅಂತ ಒಂದ್ಸಲ ಅಂದಿದ್ರೆ ನನಗೆ ಯಾವ ಅಕಾಡೆಮಿನೂ ಬೇಕಿರಲಿಲ್ಲ. ಕೊನೇ ವಾರ ಆಸ್ಪತ್ರೇಲಿ ಹಾಸಿಗೆ ಪಕ್ಕ ಕೂತು ಕಾದೆ. ನರ್ಸಿಗೆ ಕಟ್ಟೆ ಹೆಂಗಸರ ಫೋಟೋ ತೋರಿಸಿ, ನಾನು ಮಾಡಿದ್ದು ಅಂದ. ನನ್ನ ಎದುರಿಗೇ.

ಎಲ್ಲಿಗೆ ಎದ್ದೆ? ಏನು, ಫೋನಾ? ಯಾರಿಗೆ, ಊನಾಗಾ, ನಿಜ ಹೇಳೋಕಾ? ಕೆಳಗಿಡು. ಫಿಂಟನ್, ಕೆಳಗಿಡು ಅದನ್ನ. ನಾನು ಕೇಳಲಿಲ್ಲ ನಿನ್ನ. ಇಷ್ಟೆಲ್ಲಾ ಕೂಗಾಡಿದ್ದು ಕೇಳಿದ ಹಾಗಲ್ಲ. ಅವನ ಸಮಾಧಿ ಕಲ್ಲು ಕೀಳಿಸ್ತೀಯಾ ಈಗ? ಭಾನುವಾರ ಪ್ರಾರ್ಥನೆ ಮುಗಿಸಿ ಬರೋ ಜನ ಅಲ್ಲಿ ನಿಂತು ಏನಂತಾರೆ? ಬೇಡ. ಬಾ. ಕೂತ್ಕೋ ಬಾ.

ಹಾಂ. ಬಟ್ಟೆ ತೆಗೀತೀನಿ ಇರು. ಬೆಳಕಿನ್ನೂ ಇದೆ. ಈ ಬಾಯಿ ತಪ್ಪಾಗಿದೆ ನೋಡು, ಬೆಳಿಗ್ಗೆಯಿಂದ ಹೇಡಿಯ ಬಾಯಿ ಮಾಡಿಟ್ಟಿದೀನಿ ನಿನಗೆ. ಕಿತ್ತು ಹೊಸದಾಗಿ ಮಾಡ್ತೀನಿ. ಗದ್ದ ಮೇಲೆ. ಕಣ್ಣು ಒರೆಸ್ಕೋ, ಆಮೇಲೆ ಅಲ್ಲಾಡ್ಬೇಡ.

ಮತ್ತೆ ಮಾತಾಡ್ಬೇಡ ಫಿಂಟನ್. ಯಾರ ಹತ್ರಾನೂ ಮಾತಾಡ್ಬೇಡ.